ಗಾಯರಾಣಕ್ಕೆ ಹುಲ್ಲು ಮರಳಬೇಕಾದರೆ

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬಸವಣ್ಣನವರ ಕಲ್ಯಾಣದ ಮೇಲೆ ಮೂರು ನಾಲ್ಕು, ಮಾಣಿಕಪ್ರಭುಗಳ ಮೇಲೆ ಒಂದೆರಡು, ವಿದ್ಯಾರ್ಥಿಗಳ ಶಿಸ್ತಿನ ಮೇಲೆ ಒಂದು, ಹೀಗೆ ಲೇಖನಗಳು ಬರುವುದು ವಾಚಕರಿಗೆ ತಿಳಿದ ಸಂಗತಿಯೇ ಆಗಿದೆ. ಅವು ಬರತಕ್ಕವೇ, ಅವುಗಳ ಬಗ್ಗೆ ನನ್ನದೇನೂ ತಕರಾರಿಲ್ಲ. ಈ ಸಲ ನಾನು ದನ ಮೇಯುವ ಜಾಗದ ವಿಷಯವಾಗಿ ಬರೆಯುತ್ತೇನೆಂದಾಗ ಸಂಪಾದಕ ಮಂಡಲಿಯ ಮಿತ್ರನೊಬ್ಬನು, "ಬಿ.ಎ. ಓದಿ ತಿರಗಿ ದನದ ಹಿಂದೇ ಹೊಂಟಿಯಲ್ಲೋ!" ಎಂದು ನಕ್ಕನು. ನಗಲಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅದಕ್ಕೆ ಮುಂಚೆ ನಮ್ಮವರು ಹತ್ತಿಳಿದದ್ದೆಲ್ಲ ಗಾಯರಾಣದ ದಿಬ್ಬವನ್ನೇ.

ಗಾಯರಾಣವೆಂಬ ಮಾತು ನಮ್ಮ ಸೀಮೆಯದು. ಗಾಯಿ ಎಂದರೆ ಆಕಳು, ರಾನ ಎಂದರೆ ಅಡವಿ. ಮರಾಠಿಯಿಂದ ನಮ್ಮ ಬಾಯಿಗೆ ಬಂದು ಕನ್ನಡವೇ ಆಗಿಹೋಗಿದೆ. ಹಳೆಯ ಮೈಸೂರಿನ ಕಡೆಯವರು ಇದನ್ನೇ ಗೋಮಾಳವೆನ್ನುತ್ತಾರೆ. ಊರ ದನಗಳು ಪುಕ್ಕಟೆ ಮೇಯಲೆಂದು ಸರ್ಕಾರದ ದಫ್ತರಿನಲ್ಲಿ ಬಿಟ್ಟ ಭೂಮಿಯೇ ಇದು. ಹುಮನಾಬಾದಿನಿಂದ ಸಸ್ತಾಪುರ ಬಂಗ್ಲೆಯ ಕಡೆಗೆ ಬಸ್ಸಿನಲ್ಲಿ ಬರುವಾಗ ಕಿಟಕಿಯಿಂದ ನೋಡಿದವರಿಗೆ ಇಂಥ ಭೂಮಿಯ ಪರಿಚಯವಿದ್ದೇ ಇದೆ. ತಗ್ಗಿನಲ್ಲಿ ಕರಿಯ ಎರೆಯ ಹೊಲಗಳು, ತೊಗರಿ, ಸೋಯಾ, ಕಬ್ಬು. ಅವುಗಳ ಆಚೆ ಬೋಳು ತಲೆಯಂತೆ ಎದ್ದಿರುವ ಕೆಂಪು ದಿಬ್ಬಗಳು. ಅಲ್ಲಿ ಕಲ್ಲು, ಮುರುಮು, ಒಂದಿಷ್ಟು ತಂಗಡಿ ಗಿಡ, ನಡುವೆ ನಾಲ್ಕಾರು ಆಡುಗಳು. ಪರಸ್ಥಳದವರು ಅದನ್ನು ನೋಡಿ "ಪಾಳು ಭೂಮಿ" ಎಂದು ಮುಖ ತಿರುಗಿಸುತ್ತಾರೆ. ನಾನೂ ಬಹುದಿನ ಹಾಗೆಯೇ ತಿಳಿದಿದ್ದೆ.

ನನ್ನ ತಿಳಿವಳಿಕೆ ತಪ್ಪೆಂದು ತೋರಿಸಿಕೊಟ್ಟದ್ದು ಪುಸ್ತಕವಲ್ಲ, ಒಂದು ತಂತಿಬೇಲಿ. ನಮ್ಮೂರಿನ ಗಾಯರಾಣದಲ್ಲಿ ಯಾವುದೋ ಕಟ್ಟಡಕ್ಕೆಂದು ಎರಡು ಎಕರೆಯಷ್ಟು ಜಾಗಕ್ಕೆ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಬಿಗಿದರು. ಕಟ್ಟಡ ಬರಲಿಲ್ಲ, ಯಾಕೆ ಬರಲಿಲ್ಲವೆಂಬುದು ಈ ಲೇಖನದ ವಿಷಯವಲ್ಲ. ಬೇಲಿ ಮಾತ್ರ ನಾಲ್ಕು ಮಳೆಗಾಲ ನಿಂತಿತು. ಆಗ ನಾನು ಹೈಸ್ಕೂಲಿನಲ್ಲಿದ್ದು, ರಜೆಯಲ್ಲಿ ನಮ್ಮ ಎರಡು ಆಕಳನ್ನು ಅದೇ ದಿಬ್ಬಕ್ಕೆ ಹೊಡೆದುಕೊಂಡು ಹೋಗುತ್ತಿದ್ದೆ. ಮೊದಲ ವರ್ಷ ಬೇಲಿಯೊಳಗೆ ಕಾಂಗ್ರೆಸ್ ಕಸ ಎದೆಮಟ್ಟ ಬೆಳೆಯಿತು. "ನೋಡು, ಬೇಲಿ ಹಾಕಿ ಕಸ ಬೆಳಸ್ಯಾರ" ಎಂದು ಊರೆಲ್ಲ ಆಡಿಕೊಂಡಿತು. ಎರಡನೆಯ ವರ್ಷ ಕಸ ಕಡಿಮೆಯಾಗಿ, ಬಟ್ಟೆಗೆ ಚುಚ್ಚಿಕೊಳ್ಳುವ ಸೂಜಿಹುಲ್ಲು ಬಂದಿತು. ಮರಾಠಿಯವರು ಇದನ್ನು ಕುಸಳಿ ಎನ್ನುತ್ತಾರೆ. ಮೂರನೆಯ ವರ್ಷ ಅದರ ನಡುನಡುವೆ ಬೇರೆ ಹುಲ್ಲು, ಮೆತ್ತಗಿನದು, ಬುಡ ಕಟ್ಟಿ ತೆಂಡೆಯೊಡೆಯುವಂಥದು ಕಾಣಿಸಿಕೊಂಡಿತು. ನಮ್ಮ ಮುತ್ಯಾ ಬೇಲಿಯ ಸಂದಿಯಿಂದ ಕೈ ಹಾಕಿ ಒಂದು ಎಸಳು ಕಿತ್ತು, ಬಾಯಲ್ಲಿ ಜಗಿದು, "ಇದು ಮಾರ್ವೇಲ್ ಹುಲ್ಲ. ನಾ ಸಣ್ಣಾವಿದ್ದಾಗ ಈ ಮಡ್ಡಿ ತುಂಬ ಇದೇ ಇತ್ತು" ಎಂದರು. ಯಾರೂ ಬೀಜ ಹಾಕಿರಲಿಲ್ಲ. ಬೇರು ನೆಲದೊಳಗೆ ಎಲ್ಲಿಯೋ ಜೀವ ಹಿಡಿದು ಕುಳಿತಿತ್ತೋ, ಗಾಳಿಯಲ್ಲಿ ಬೀಜ ಬಂದಿತೋ, ನಾನು ಹೇಳಲಾರೆ. ಹೊರಗಿನ ನೆಲವೂ ಒಳಗಿನ ನೆಲವೂ ಒಂದೇ, ಮಳೆಯೂ ಒಂದೇ. ವ್ಯತ್ಯಾಸವೆಂದರೆ ದನದ ಬಾಯಿ ಮತ್ತು ಗೊರಸು ಮಾತ್ರ.

ನಾಲ್ಕನೆಯ ವರ್ಷ ಒಂದು ದೊಡ್ಡ ಮಳೆಯ ಮರುದಿನ ನಾನು ನೋಡಿದ್ದು ಇಂದಿಗೂ ಕಣ್ಣಿಗೆ ಕಟ್ಟಿದೆ. ಬೇಲಿಯ ಹೊರಗಿನ ಕೊರಕಲಿನಲ್ಲಿ ಚಹದ ಬಣ್ಣದ ನೀರು ಕಲ್ಲುಗಳನ್ನು ಉರುಳಿಸಿಕೊಂಡು ಹೋಗುತ್ತಿತ್ತು. ಬೇಲಿಯ ಕೆಳಬದಿಯಿಂದ ಜಿನುಗುತ್ತಿದ್ದ ನೀರು ಕಡಿಮೆ, ಆದರೆ ತಿಳಿ. ಮತ್ತು ಹೊರಗಿನ ಹರಿವು ನಿಂತು ಎರಡು ದಿನವಾದರೂ ಅದು ನಿಂತಿರಲಿಲ್ಲ. ಒಳಗಿನಿಂದ ಲಾವಕ್ಕಿಗಳು ಪುರ್ರೆಂದು ಎದ್ದವು. ಮೊಲದ ಹಿಕ್ಕೆ ಬಿದ್ದಿತ್ತು.

ಇದಕ್ಕೆ ಕಾರಣವನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ನಮ್ಮ ಸೀಮೆಯ ನೆಲದ ಕಟ್ಟು ವಿಶೇಷವಾದದ್ದು: ಕೆಳಗೆ ಕರಿಕಲ್ಲಿನ ಒಡಲು, ದಿಬ್ಬಗಳ ಮೇಲೆ ಅಲ್ಲಲ್ಲಿ ಕೆಂಪು ಜಂಬಿಟ್ಟಿಗೆಯ ಟೊಪ್ಪಿಗೆ. ಈ ಕೆಂಪು ಕಲ್ಲು ಜೇನುಹುಟ್ಟಿನಂತೆ ತೂತುತೂತಾದದ್ದು. ಮೇಲೆ ಬಿದ್ದ ನೀರನ್ನು ಕುಡಿದು ಕೆಳಗಿಳಿಸುತ್ತದೆ. ಕೆಳಗಿನ ಕರಿಕಲ್ಲು ತಡೆದಲ್ಲಿ ಅದು ಒರತೆಯಾಗಿ ಹೊರಬರುತ್ತದೆ. ಬೀದರಿನ ನೌಬಾದದ ಕರೇಜು, ಬಹಮನಿ ಅರಸರ ಕಾಲದಲ್ಲಿ ನೆಲದೊಳಗೆ ಸುರಂಗ ತೋಡಿ ಊರಿಗೆ ನೀರು ತಂದ ಆ ಅದ್ಭುತ ಕಾಲುವೆ, ಇಂಥ ಇಂಗಿದ ನೀರಿನ ಮೇಲೆಯೇ ನಿಂತದ್ದು. ಅಂದ ಮೇಲೆ ನಾವು ಪಾಳು ಎನ್ನುವ ದಿಬ್ಬವೇ ನಮ್ಮ ಬಾವಿಗಳ ಬಾಯಿ. ಆ ಬಾಯಿ ತೆರೆದಿರಬೇಕಾದರೆ ಮೇಲೆ ಹುಲ್ಲಿನ ಬೇರು ಇರಬೇಕು. ವರ್ಷವಿಡೀ ಗೊರಸು ತುಳಿದ ನೆಲ ಗಟ್ಟಿಯಾಗಿ, ಮೊದಲ ಹನಿಗಳ ಹೊಡೆತಕ್ಕೆ ಮೇಲ್ಮಣ್ಣು ಕರಗಿ ತೂತುಗಳಿಗೆ ಮೆತ್ತಿಕೊಂಡು, ಅಂಗಳಕ್ಕೆ ಸೆಗಣಿ ಸಾರಿಸಿದಂತಾಗುತ್ತದೆ. ಆಮೇಲೆ ಎಷ್ಟು ಮಳೆ ಬಂದರೇನು? ನೀರು ಇಂಗದು, ಓಡುವುದು. ಓಡುವಾಗ ಮಣ್ಣನ್ನೂ ಒಯ್ಯುವುದು. ಆ ಮಣ್ಣು ಹೋಗಿ ತುಂಬುವುದು ನಮ್ಮವೇ ಆದ ಕೆರೆಗಳಲ್ಲಿ, ಚುಳಕಿನಾಲಾ ಮತ್ತು ಮೇಲಿನ ಮುಲ್ಲಾಮಾರಿಯಂಥ ಜಲಾಶಯಗಳಲ್ಲಿ.

ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ನಾನು ಗಣಿತದ ವಿದ್ಯಾರ್ಥಿಯಲ್ಲ, ಆದರೂ ಇದು ಕಠಿಣವಲ್ಲ. ಒಂದು ಎಕರೆಯ ಮೇಲೆ 50 ಮಿಲಿಮೀಟರು ಮಳೆ ಬಿದ್ದರೆ ಸುಮಾರು 2 ಲಕ್ಷ ಲೀಟರು ನೀರಾಗುತ್ತದೆ. 100 ಎಕರೆಯ ಗಾಯರಾಣದ ಮೇಲೆ 2 ಕೋಟಿ ಲೀಟರು. ಹುಲ್ಲು ಬಂದದ್ದರಿಂದ ಇದರ ಹತ್ತರಲ್ಲಿ ಒಂದು ಪಾಲು ಮಾತ್ರವೇ ಹೆಚ್ಚಾಗಿ ಇಂಗಿತೆಂದು ಹಿಡಿಯಿರಿ. ಅದು 20 ಲಕ್ಷ ಲೀಟರು, ಅಂದರೆ 5,000 ಲೀಟರಿನ 400 ಟ್ಯಾಂಕರು. ಒಂದೇ ಮಳೆಯಲ್ಲಿ! 2016ರ ಬೇಸಿಗೆಯಲ್ಲಿ ನಮ್ಮ ನೆರೆಯ ಲಾತೂರಿಗೆ ಮಿರಜಿನಿಂದ ರೈಲಿನಲ್ಲಿ ಕುಡಿಯುವ ನೀರು ಬಂದುದನ್ನು ಆ ಕಾಲದವರು ಮರೆತಿರಲಾರರು. ನಾನಾಗ ಚಿಕ್ಕವನು, ನಮ್ಮೂರಿನಲ್ಲಿಯೂ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತದ್ದು ನೆನಪಿದೆ.

ಮೇವಿನ ವಿಷಯವೂ ಇದೆ. ಹಿಂದಿನ ಕಾಲದಲ್ಲಿ ಹೊಲದಲ್ಲಿ ಜೋಳ ಹೆಚ್ಚು. ಜೋಳದ ಕಣಿಕಿ ಬಣವೆಯೊಟ್ಟಿದರೆ ದನಕ್ಕೆ ಬೇಸಿಗೆ ಕಳೆಯುತ್ತಿತ್ತು. ಈಗ ನಮ್ಮ ಜಿಲ್ಲೆ ಸೋಯಾ ಅವರೆಗೆ ಹೆಸರಾದುದಾಗಿದೆ. ಸೋಯಾ ಮನೆಗೆ ಹಣ ತರುತ್ತದೆ ನಿಜ, ಆದರೆ ಅದರ ಹೊಟ್ಟನ್ನು ದನ ಜೋಳದ ಕಣಿಕಿಯಂತೆ ಇಷ್ಟಪಟ್ಟು ತಿನ್ನದು. ಹೊಲದ ಮೇವು ಕಡಿಮೆಯಾದಷ್ಟೂ ಭಾರ ಗಾಯರಾಣದ ಮೇಲೆ ಬಿತ್ತು. ಗಾಯರಾಣ ಬೋಳಾದಷ್ಟೂ ದನ ಮಾರುವವರು ಹೆಚ್ಚಿದರು. ನಮ್ಮ ಸೀಮೆಯ ಹೆಮ್ಮೆಯಾದ ದೇವಣಿ ತಳಿ ಹೀಗೆಯೇ ಮನೆಮನೆಗಳಿಂದ ಜಾರುತ್ತಿದೆ. ಹಾಲಿಗೂ ಸೈ, ನೇಗಿಲಿಗೂ ಸೈ ಎನಿಸಿದ ತಳಿ ಅದು. ಬಿಳಿಯ ಬಾಳಂಕ್ಯಾ, ಕರಿಮೋರೆಯ ವಾನ್ನೇರಾ, ಮಚ್ಚೆಯ ವಾಘ್ಯಾ ಎಂದು ಮೂರು ಬಗೆ. ಅದರ ಏಳಿಗೆಗಾಗಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದವರು ದುಡಿಯುತ್ತಿದ್ದಾರೆ, ಬಹಳ ಸಂತೋಷ. ಆದರೆ ಸಂಶೋಧನ ಕೇಂದ್ರದಲ್ಲಿ ತಳಿ ಉಳಿದರೆ ಸಾಕೆ? ಊರಿನಲ್ಲಿ ಅದಕ್ಕೆ ನಾಲ್ಕು ಹೆಜ್ಜೆ ನಡೆದು ಮೇಯಲು ಜಾಗ ಬೇಡವೆ? ಕಟ್ಟಿ ಮೇಯಿಸುವ ಮಿಶ್ರತಳಿಯ ಆಕಳಿಗೆ ಅಂಗಡಿಯ ಹಿಂಡಿ ನಡೆದೀತು. ದೇವಣಿಗೂ ಆಡಿಗೂ ಬೇಕಾದದ್ದು ದಿಬ್ಬ.

ಹುಲ್ಲು ಬರಬೇಕೆಂದರೆ ಕೂಡಲೇ ಕೆಲವರು ಗಿಡ ನೆಡುವ ಮಾತೆತ್ತುತ್ತಾರೆ. ವನಮಹೋತ್ಸವದ ದಿನ ಸಸಿ ನೆಟ್ಟು ಫೋಟೋ ತೆಗೆಸಿಕೊಂಡವರಲ್ಲಿ ನಾನೂ ಒಬ್ಬನಾದ್ದರಿಂದ ಇದನ್ನು ಸಂಕೋಚದಿಂದಲೇ ಹೇಳಬೇಕಾಗಿದೆ: ಎಲ್ಲ ಬಯಲಿಗೂ ಗಿಡವೇ ಮದ್ದಲ್ಲ. ಗಾಯರಾಣ ಹಾಳಾದ ಅಡವಿಯೆಂದು ತಿಳಿದು ಅದರಲ್ಲಿ ಒತ್ತಾಗಿ ನೀಲಗಿರಿಯನ್ನೋ ಗ್ಲಿರಿಸಿಡಿಯವನ್ನೋ ನೆಟ್ಟರೆ ನೆರಳು ಬೀಳುತ್ತದೆ, ಹುಲ್ಲು ಸಾಯುತ್ತದೆ, ದನವೂ ಒಳಗೆ ಹೋಗದು. ಕರ್ನಾಟಕದಲ್ಲಿಯೇ ಇದಕ್ಕೆ ದೊಡ್ಡ ಪಾಠವಿದೆ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಬಯಲನ್ನು 1974ರಲ್ಲಿ ಕೃಷ್ಣಮೃಗಗಳಿಗಾಗಿ ಅಭಯಾರಣ್ಯವೆಂದು ಸಾರಿದರು. ಅಲ್ಲಿ ಎರೆಭೂತ ಹಕ್ಕಿಯೂ ಇದ್ದಿತು. ಗಿಡ್ಡ ಹುಲ್ಲಿನ ತೆರೆದ ಬಯಲೇ ಆ ಹಕ್ಕಿಯ ಮನೆ. ಅದೇ ಬಯಲಿನಲ್ಲಿ ನೀಲಗಿರಿಯ ತೋಪೂ ಬೆಳೆಯಿತು. ಚಿಗರಿಗಳು ಹೇಗೋ ಹೊಂದಿಕೊಂಡವು, ಎರೆಭೂತ ಕಾಣದಾಯಿತು. ಒಳ್ಳೆಯ ಉದ್ದೇಶದಿಂದಲೇ ನೆಟ್ಟಿರಬಹುದು. ಹಕ್ಕಿಗೆ ನಮ್ಮ ಉದ್ದೇಶ ತಿಳಿಯುವುದಿಲ್ಲವಷ್ಟೆ. ಚಳ್ಳಕೆರೆಯ ಅಮೃತಮಹಲ್ ಕಾವಲುಗಳಿಗೆ ಬೇರೆ ಬಗೆಯ ಗತಿ ಬಂದಿತು: 2007ರಿಂದೀಚೆಗೆ ಸಾವಿರಾರು ಎಕರೆ ಹುಲ್ಲುಗಾವಲು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶದ ಸಂಸ್ಥೆಗಳಿಗೆ ಹೋಯಿತು. ಖಾಲಿ ಬಿದ್ದಿದೆಯೆಂಬುದೇ ಕಾರಣ. ಕುರಿಯವರು ಮೇಯಿಸುತ್ತಿದ್ದ ಜಾಗ ಯಾರ ಕಣ್ಣಿಗೆ ಖಾಲಿ?

ಹವೆ ಬಿಸಿಯಾಗುತ್ತಿರುವ ಈ ಕಾಲದಲ್ಲಿ ಗಿಡವೇ ಇಂಗಾಲವನ್ನು ಹಿಡಿದಿಡುತ್ತದೆ, ಹುಲ್ಲಿನಿಂದ ಏನಾದೀತು ಎನ್ನುವವರೂ ಉಂಟು. ಗಿಡ ತನ್ನ ಇಂಗಾಲವನ್ನು ಬಹುಮಟ್ಟಿಗೆ ಮೇಲೆ, ಕಾಂಡದಲ್ಲಿ ಇಡುತ್ತದೆ. ಬೆಂಕಿ ಬಿದ್ದರೆ, ಕಡಿದರೆ, ಅದೆಲ್ಲ ಹೊಗೆಯಾಗಿ ಹೋಗುತ್ತದೆ. ಬಹುವಾರ್ಷಿಕ ಹುಲ್ಲು ತನ್ನ ಗಂಟನ್ನು ಹೆಚ್ಚಾಗಿ ನೆಲದೊಳಗೆ, ಬೇರಿನಲ್ಲಿ ಮತ್ತು ಮಣ್ಣಿನಲ್ಲಿ ಕೂಡಿಡುತ್ತದೆ. ಬೆಂಕಿ ಮೇಲಿನ ಗರಿಯನ್ನು ಸುಟ್ಟರೂ ಬುಡ ಮತ್ತೆ ಚಿಗುರುತ್ತದೆ. ಬರ ಮತ್ತು ಬೆಂಕಿ ಎರಡೂ ಇರುವ ನಮ್ಮಂಥ ಸೀಮೆಗೆ ಮುದುಕಿಯೊಬ್ಬಳು ನೆಲದಲ್ಲಿ ಹೂತಿಟ್ಟ ಹಣದಂತೆ ಇದೇ ಭದ್ರವಾದದ್ದು. ದನದ ಹೊಟ್ಟೆಯಿಂದ ಹೊರಬರುವ ಮೀಥೇನ್ ಅನಿಲದ ಮಾತನ್ನೂ ಮರೆಮಾಚಬಾರದು. ಹುಲ್ಲು ಹೆಚ್ಚಿತೆಂದು ದನಗಳ ಸಂಖ್ಯೆಯನ್ನೂ ಹೆಚ್ಚಿಸುತ್ತ ಹೋದರೆ ಲಾಭವೆಲ್ಲ ಆ ಕಡೆಯಿಂದ ಸೋರಿಹೋದೀತು. ಆದರೆ ಒಣ ಕಡ್ಡಿ ತಿಂದು ಅರೆಹೊಟ್ಟೆಯಲ್ಲಿರುವ ಆಕಳು ಒಂದು ಲೀಟರು ಹಾಲಿಗೆ ಬಿಡುವ ಅನಿಲ, ಒಳ್ಳೆಯ ಮೇವು ತಿಂದ ಆಕಳಿನದಕ್ಕಿಂತ ಹೆಚ್ಚು. ಆದುದರಿಂದ ದನವನ್ನು ದೂಷಿಸುವ ಮೊದಲು ಅದರ ಮುಂದೆ ನಾವು ಏನು ಹಾಕಿದ್ದೇವೆಂದು ನೋಡತಕ್ಕದ್ದು.

ಇಷ್ಟೆಲ್ಲ ಒಳ್ಳೆಯದಾದರೆ ಬೇಲಿ ಹಾಕಿ ಬಿಡೋಣ, ಮುಗಿಯಿತಲ್ಲ ಎನ್ನಬಹುದು. ನಾನೂ ಹಾಗೆಯೇ ಎಂದುಕೊಂಡಿದ್ದೆ. ಐದನೆಯ ವರ್ಷದ ಬೇಸಿಗೆಯಲ್ಲಿ ಒಂದು ರಾತ್ರಿ ಯಾರೋ ತಂತಿಯನ್ನು ಕತ್ತರಿಸಿ ಒಯ್ದರು. ಮರುದಿನ ಬೆಳಗಾಗುವುದರೊಳಗೆ ಊರ ದನವೆಲ್ಲ ಒಳಗೆ. ನಾಲ್ಕು ಮಳೆಗಾಲ ಬೆಳೆದದ್ದು ಒಂದು ತಿಂಗಳಲ್ಲಿ ಹೊರಗಿನ ನೆಲದಂತೆಯೇ ಆಯಿತು. ನಮ್ಮ ಆಕಳುಗಳೂ ಅಲ್ಲಿದ್ದವು, ಸುಳ್ಳೇಕೆ ಹೇಳಲಿ. ಹೊಡೆದುಕೊಂಡು ಹೋದವನು ನಾನೇ. ಬೇಲಿ ಯಾರದೋ ಆಗಿತ್ತು, ಹುಲ್ಲು ಯಾರದ್ದೂ ಆಗಿರಲಿಲ್ಲ. ಈ ಹೊತ್ತು ನಾನು ಮೇಯಿಸದಿದ್ದರೆ ನಾಳೆ ಇನ್ನೊಬ್ಬನು ಮೇಯಿಸುತ್ತಾನೆಂದು ಪ್ರತಿಯೊಬ್ಬನೂ ಲೆಕ್ಕ ಹಾಕಿದನು, ಮತ್ತು ಪ್ರತಿಯೊಬ್ಬನ ಲೆಕ್ಕವೂ ಸರಿಯಾಗಿಯೇ ಇತ್ತು.

ಇನ್ನು ನನ್ನ ಮನೆಯ ಮಾತಿಗೆ ಬರುತ್ತೇನೆ. ಬರೆಯುವುದೋ ಬೇಡವೋ ಎಂದು ಬಹಳ ಯೋಚಿಸಿದೆ. ಬರೆಯದಿದ್ದರೆ ಮೇಲಿನದೆಲ್ಲ ಉಪದೇಶವಾಗಿಬಿಡುತ್ತದೆ. ನಮಗೆ ಸ್ವಂತ ಜಮೀನಿಲ್ಲ. ನಾನು ಹುಟ್ಟುವುದಕ್ಕೆ ಮುಂಚೆಯೇ ಮುತ್ಯಾ ಗಾಯರಾಣದ ಕೆಳಅಂಚಿನಲ್ಲಿ ಕಲ್ಲು ಆರಿಸಿ, ಬದು ಹಾಕಿ, ಎರಡು ಎಕರೆಯಷ್ಟು ಹಸನು ಮಾಡಿದರು. ಅಲ್ಲಿ ಬೆಳೆದ ತೊಗರಿ ಮಾರಿದ ಹಣದಲ್ಲಿಯೇ ನನ್ನ ಕಾಲೇಜಿನ ಫೀಜು, ಬಸ್ಸಿನ ಪಾಸು, ಈ ಲೇಖನ ಬರೆಯುತ್ತಿರುವ ಪೆನ್ನೂ ಬಂದದ್ದು. ಕಾಯಿದೆಯ ಭಾಷೆಯಲ್ಲಿ ನಾವು ಬಗರ್‌ಹುಕುಂ, ಅಂದರೆ ಹುಕುಮಿಲ್ಲದವರು. 1991ರಲ್ಲಿ ಭೂಕಂದಾಯ ಕಾಯಿದೆಗೆ 94-ಎ ಎಂಬ ಕಲಮು ಸೇರಿದಂದಿನಿಂದ ನಮೂನೆ 50, ಆಮೇಲೆ 53, 2018ರಲ್ಲಿ 57 ಎಂದು ಅರ್ಜಿಗಳು ಬಂದವು. ನಮ್ಮದು 57. ಎಲ್ಲಿದೆಯೆಂದು ಕೇಳಿದಾಗಲೆಲ್ಲ "ಪರಿಶೀಲನೆಯಲ್ಲಿದೆ" ಎಂಬ ಉತ್ತರವೇ ಬರುತ್ತದೆ.

ಅದೇ ಕಾಯಿದೆಯ ಇನ್ನೊಂದು ಮುಖವನ್ನು ನೋಡಿರಿ. 1964ರ ಕಾಯಿದೆಯ 71ನೆಯ ಕಲಮು ಊರ ದನಗಳಿಗೆ ಭೂಮಿ ಕಾದಿರಿಸಬಹುದೆನ್ನುತ್ತದೆ. 1966ರ ನಿಯಮಗಳಲ್ಲಿ 97ನೆಯದು ಪ್ರತಿ 100 ದನಗಳಿಗೆ ಕನಿಷ್ಠ 12 ಹೆಕ್ಟೇರು ಇರಬೇಕೆನ್ನುತ್ತದೆ. 500 ದನಗಳಿರುವ ಊರಿಗೆ 60 ಹೆಕ್ಟೇರು, ಸುಮಾರು 150 ಎಕರೆ. ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಹೆಚ್ಚುವರಿಯನ್ನು ಹಂಚಲು ಬರುತ್ತದೆ. ನಮ್ಮಂಥವರ ಅರ್ಜಿಗಳು ಬೀಳುವುದು ಈ ಕಲ್ಲಿಗೆ ಎಡವಿಯೇ. ದನಕ್ಕೆ ಜಾಗ ಸಾಲದೆನ್ನುವ ಕಾಗದ, ಬಡವನಿಗೆ ಪಟ್ಟಾ ಇಲ್ಲವೆನ್ನುತ್ತದೆ. ಒಳ್ಳೆಯದು. ಆದರೆ ಅದೇ ಕಾಗದ ಇರುವಾಗಲೇ ರಾತ್ರಿ ಟಿಪ್ಪರುಗಳು ಗಾಯರಾಣದ ಮುರುಮನ್ನು ಹೊತ್ತೊಯ್ಯುತ್ತವೆ, ಪಕ್ಕದ ದೊಡ್ಡ ಹಿಡುವಳಿಯ ಬಾಂದುಕಲ್ಲು ವರ್ಷಕ್ಕೊಂದು ಮಾರು ಮೇಲೇರುತ್ತದೆ. 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಪಂಜಾಬಿನ ಜಗಪಾಲಸಿಂಗ್ ಮೊಕದ್ದಮೆಯಲ್ಲಿ ಊರ ಸಾರ್ವಜನಿಕ ಭೂಮಿಯ ಅಕ್ರಮ ಒತ್ತುವರಿಯನ್ನು ತೆರವು ಮಾಡಲು ಎಲ್ಲ ರಾಜ್ಯಗಳಿಗೂ ಹೇಳಿತು. ಆ ತೀರ್ಪಿನಲ್ಲಿಯೇ ಭೂರಹಿತ ಕೂಲಿಗಳಿಗೂ ಪರಿಶಿಷ್ಟ ಜಾತಿ ಪಂಗಡಗಳವರಿಗೂ ಸರ್ಕಾರ ಕೊಟ್ಟ ಭೂಮಿಯಂಥವನ್ನು ಬೇರೆಯಾಗಿ ನೋಡಲು ಎಡೆಯಿಟ್ಟಿದೆ. ಊರಲ್ಲಿ ತೆರವಿನ ಸುದ್ದಿ ಬಂದಾಗ ಈ ಎರಡನೆಯ ಮಾತನ್ನು ಯಾರೂ ಓದಿ ಹೇಳುವುದಿಲ್ಲ.

ಈ ಲೇಖನದ ಕರಡನ್ನು ನಮ್ಮ ತಂದೆಗೆ ಓದಿ ಹೇಳಿದೆ. ಅವರಿಗೆ ಸಹಿ ಮಾಡಲು ಬರುತ್ತದೆ, ಓದಲು ಬಾರದು. ಎಲ್ಲ ಕೇಳಿ ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ಹುಲ್ಲ ಬೆಳೀಲಿ ತಮ್ಮಾ, ಬ್ಯಾಡಂದವರ್ಯಾರು? ಖರೆ ಅದರ ಸಲುವಾಗಿ ಮದಲ ಎಬ್ಬಿಸೋದು ಯಾರಿಗಿ? ದೊಡ್ಡವರ ಬಾಂದ ಸರಸ್ತಾರೇನು? ನಮಗೇ ಎಬ್ಬಿಸ್ತಾರ." ಮತ್ತೆ ಸ್ವಲ್ಪ ಹೊತ್ತಿನ ಮೇಲೆ, "ಬೆಳದ ಹುಲ್ಲ ಯಾರು ಕೊಯ್ಯಬೇಕು? ಅದೂ ಬರದೀಯೇನು?" ಎಂದು ಕೇಳಿದರು. ನಾನು ಬರೆದಿರಲಿಲ್ಲ. ಮೂರು ವರ್ಷ ಅರ್ಥಶಾಸ್ತ್ರ ಓದಿದವನಿಗೆ ಹೊಳೆಯದ ಪ್ರಶ್ನೆ ಅದು.

ಆ ಪ್ರಶ್ನೆ ಹಿಡಿದುಕೊಂಡು ಹುಡುಕಿದಾಗ ಹರಿಯಾಣದ ಸುಖೋಮಾಜರಿ ಎಂಬ ಚಿಕ್ಕ ಊರಿನ ವೃತ್ತಾಂತ ಸಿಕ್ಕಿತು. ಚಂಡೀಗಢದ ಸುಖನಾ ಕೆರೆ ಹೂಳಿನಿಂದ ತುಂಬುತ್ತ ಬಂದಾಗ, ಹೂಳಿನ ಮೂಲವನ್ನು ಹುಡುಕುತ್ತ ಹೋದ ಮಣ್ಣುಸಂರಕ್ಷಣೆಯ ಅಧಿಕಾರಿ ಪಿ. ಆರ್. ಮಿಶ್ರರು ಈ ಊರಿನ ಬೋಳುಗುಡ್ಡಗಳಿಗೆ ಬಂದು ಮುಟ್ಟಿದರು. 1970ರ ದಶಕದ ಕೊನೆಯ ಮಾತು ಇದು. ಗುಡ್ಡಕ್ಕೆ ದನ ಬಿಡಬೇಡಿರೆಂದು ಹೇಳಿದರೆ ಜನ ಕೇಳಲಿಲ್ಲ. ಗುಡ್ಡದ ಬುಡದಲ್ಲಿ ಚಿಕ್ಕ ಒಡ್ಡು ಕಟ್ಟಿ ನೀರು ನಿಲ್ಲಿಸಿ, ಆ ನೀರಿನಲ್ಲಿ ಪ್ರತಿ ಮನೆಗೂ ಸಮಪಾಲು ಎಂದು ಗೊತ್ತುಮಾಡಿದಾಗ ಕೇಳಿದರು. ಹೊಲವಿಲ್ಲದವನಿಗೂ ಹೊಲವಿದ್ದವನಷ್ಟೇ ಪಾಲು. ಬೇಡವಾದರೆ ಅವನು ತನ್ನ ಪಾಲನ್ನು ಮಾರಿಕೊಳ್ಳಬಹುದು. ಆಗ ಗುಡ್ಡಕ್ಕೆ ತಂತಿಬೇಲಿ ಬೇಕಾಗಲಿಲ್ಲ. ಹುಲ್ಲು ಬಂದಿತು, ಹೂಳು ಇಳಿಯಿತು. ಹೊಲವಿಲ್ಲದವನೂ ಕಾವಲುಗಾರನಾಗಿದ್ದನೆಂಬುದೇ ಇಲ್ಲಿಯ ಗುಟ್ಟು.

ನಮಗೆ ಹತ್ತಿರದ ಹಿವರೆ ಬಾಜಾರವನ್ನೂ ಎಲ್ಲರೂ ಹೊಗಳುತ್ತಾರೆ. ಮಹಾರಾಷ್ಟ್ರದ ಆ ಊರು ಪೋಪಟರಾವ್ ಪವಾರರ ಮುಂದಾಳ್ತನದಲ್ಲಿ 1990ರ ದಶಕದಿಂದ ಬಿಡಾಡಿ ಮೇವನ್ನು ನಿಲ್ಲಿಸಿ, ಹುಲ್ಲನ್ನು ಕೊಯ್ದೇ ಒಯ್ಯಬೇಕೆಂಬ ಕಟ್ಟಳೆ ಮಾಡಿಕೊಂಡು, ಗುಡ್ಡಗಳಿಗೆ ಅಡ್ಡಗಾಲುವೆ ತೋಡಿ ಬಾವಿಗಳಿಗೆ ನೀರು ತಂದುಕೊಂಡಿತು. ಹೊಗಳತಕ್ಕದ್ದೇ. ಆದರೆ ಕೊಯ್ದು ಒಯ್ಯುವ ಕಟ್ಟಳೆ, ಕೊಟ್ಟಿಗೆಯಲ್ಲಿ ನಾಲ್ಕು ಎಮ್ಮೆ ಕಟ್ಟಿದವನಿಗೆ ಸಲೀಸು. ಐವತ್ತು ಆಡು ಹೊಡೆದುಕೊಂಡು ತಿರುಗುವ ತಾಂಡಾದ ಹೆಣ್ಣುಮಗಳಿಗೆ ಅಲ್ಲ. ನಮ್ಮ ಊರು ಮುಚ್ಚಿದರೆ ಆಕೆಯ ಆಡುಗಳು ಪಕ್ಕದೂರಿನ ದಿಬ್ಬಕ್ಕೆ ಹೋಗುತ್ತವೆ. ಇಲ್ಲಿ ಬಂದ ಹುಲ್ಲು ಅಲ್ಲಿಯ ಹುಲ್ಲಿನಿಂದ ಕಸಿದದ್ದಾದರೆ ಅದನ್ನು ಉದ್ಧಾರವೆನ್ನಲು ನನಗೆ ಮನಸ್ಸಿಲ್ಲ.

ಹೀಗಾಗಿ ನನ್ನ ಅಭಿಪ್ರಾಯವನ್ನು ಬಿಚ್ಚಿ ಹೇಳುವುದಾದರೆ, ಗಾಯರಾಣವನ್ನು ಇಡಿಯಾಗಿ ಮುಚ್ಚಬಾರದು. ಅದನ್ನು ನಾಲ್ಕು ಪಾಲು ಮಾಡಿ, ಒಂದೊಂದು ಪಾಲಿಗೆ ಸರದಿಯಂತೆ ವಿಶ್ರಾಂತಿ ಕೊಡತಕ್ಕದ್ದು. ಎಲ್ಲಕ್ಕಿಂತ ಮುಖ್ಯವಾಗಿ ಮಿರಗ ಮಳೆ ಬಿದ್ದು ಹುಲ್ಲು ಮೊಳೆತ ಮೊದಲ ವಾರಗಳಲ್ಲಿ ದನ ತಡೆಯಬೇಕು. ಎಳಸು ಚಿಗುರನ್ನೇ ಕಿತ್ತು ತಿಂದರೆ ಬೇರು ಸಾಯುತ್ತದೆ, ಬೀಜ ಕಟ್ಟುವ ತನಕ ಕಾದರೆ ಮುಂದಿನ ವರ್ಷಕ್ಕೆ ಅದೇ ಬಿತ್ತನೆ. ಆ ವಾರಗಳಲ್ಲಿ ಆಡಿನವರು ಏನು ಮಾಡಬೇಕೆಂಬುದನ್ನು ಆಡಿನವರನ್ನೇ ಕೂರಿಸಿಕೊಂಡು ಗೊತ್ತು ಮಾಡಬೇಕೇ ಹೊರತು, ಪಂಚಾಯತಿಯ ಕೋಣೆಯಲ್ಲಿ ಠರಾವು ಬರೆದು ಅವರ ಕೈಗೆ ಕೊಡುವುದಲ್ಲ. ಬೀಜ ಬೇಕಾದರೆ ಝಾನ್ಸಿಯ ಹುಲ್ಲುಗಾವಲು ಸಂಶೋಧನ ಸಂಸ್ಥೆಯ ಶಾಖೆ ಧಾರವಾಡದಲ್ಲಿಯೇ ಇದೆ. ಮಾರ್ವೇಲ್, ಸ್ಟೈಲೋ ಮುಂತಾದವನ್ನು ಅವರಿಂದ ಕೇಳಬಹುದು. ಗಿಡ ಬೇಡವೆಂದು ನಾನು ಹೇಳುತ್ತಿಲ್ಲ. ನೆರಳಿಗೆಂದು ಅಲ್ಲೊಂದು ಇಲ್ಲೊಂದು ಬೇವು, ಬಾರಿ, ಜಾಲಿ ಇರಲಿ, ತೋಪು ಬೇಡ. ಬಂದ ಹುಲ್ಲನ್ನು ಕೊಯ್ಯುವ ಮೊದಲ ಹಕ್ಕು ಹೊಲವಿಲ್ಲದ ಮನೆಗಳಿಗೆ ಇರಲಿ. ಅವರು ದನಕ್ಕೆ ಹಾಕಲಿ ಅಥವಾ ಮಾರಲಿ. ತೆರವು ಮಾಡುವುದೇ ಆದರೆ ಮುರುಮಿನ ಹೊಂಡದಿಂದ ಮತ್ತು ದೊಡ್ಡ ಬಾಂದಿನಿಂದ ಆರಂಭವಾಗಲಿ. ಎರಡು ಎಕರೆಯವನ ಸರದಿ ಕೊನೆಗೆ ಬರಲಿ. ಬಂದಾಗಲೂ ಅವನಿಗೆ ಬದಲಿ ಏನೆಂದು ಮೊದಲು ಹೇಳಿ ಆಮೇಲೆ ಅಳೆಯಲಿ.

ಇದನ್ನು ಓದಿ, "ತನ್ನ ಎರಡು ಎಕರೆ ಉಳಿಸಿಕೊಳ್ಳಲಿಕ್ಕೆ ಇಷ್ಟೆಲ್ಲ ಬರೆದಿದ್ದಾನೆ" ಎಂದು ಯಾರಾದರೂ ಎಂದರೆ ಪೂರ್ತಿ ಸುಳ್ಳೆಂದು ನಾನು ವಾದಿಸಲಾರೆ. ಆದರೆ ಆ ಎರಡು ಎಕರೆಯ ಮೇಲಂಚಿನಲ್ಲಿ ಕಲ್ಲೇ ಹೆಚ್ಚಾಗಿರುವ ಒಂದು ಪಟ್ಟಿ ಇದೆ. ಅಲ್ಲಿ ತೊಗರಿ ಮೊಣಕಾಲೆತ್ತರಕ್ಕೂ ಬಾರದು. ಪ್ರತಿವರ್ಷ ನೇಗಿಲು ಹೊಡೆದದ್ದರಿಂದ ಮಣ್ಣು ಮಾತ್ರ ಕೆಳಗಿಳಿಯುತ್ತದೆ. ಈ ಮಳೆಗಾಲ ಅದನ್ನು ಉಳದೆ ಹಾಗೇ ಬಿಡೋಣವೇ ಎಂದು ತಂದೆಯವರನ್ನು ಕೇಳಿದ್ದೇನೆ.

ವಿಶ್ವಸಂಸ್ಥೆಯವರು 2026ನೆಯ ಇಸವಿಯನ್ನು ಹುಲ್ಲುಗಾವಲುಗಳ ಮತ್ತು ಪಶುಪಾಲಕರ ಅಂತಾರಾಷ್ಟ್ರೀಯ ವರ್ಷವೆಂದು ಸಾರಿದ್ದಾರೆ. ನಮ್ಮೂರಿನಲ್ಲಿ ಆ ಸುದ್ದಿ ಯಾರಿಗೂ ಮುಟ್ಟಿಲ್ಲ. ಪರೀಕ್ಷೆ ಮುಗಿದ ಮೇಲೆ ನಡೆಯುವ ಗ್ರಾಮಸಭೆಯಲ್ಲಿ ಗಾಯರಾಣದ ಮಾತನ್ನು ಎತ್ತಬೇಕೆಂದಿದ್ದೇನೆ. ತಾಂಡಾದವರು ಇಬ್ಬರು ಬರುತ್ತೇವೆಂದು ಒಪ್ಪಿದ್ದಾರೆ. ತಂದೆಯವರೂ ಬರುತ್ತೇನೆಂದಿದ್ದಾರೆ, ಯಾವ ಬದಿಗೆ ಕೂರುತ್ತಾರೆಂಬುದನ್ನು ಇನ್ನೂ ಹೇಳಿಲ್ಲ.